ಉಬ್ಬಸದ ಏರಿನ ವಿಮೋಚನಾ ವೇಗ

ಒಂಬತ್ತನೇ ತರಗತಿಗೆ ಗುರುತ್ವಾಕರ್ಷಣೆಯ ಪಾಠ ಮಾಡುವಾಗಲೆಲ್ಲ ನನ್ನ ಮೂಗಿಗೆ ಡೀಸೆಲ್ ವಾಸನೆ ಬಡಿಯುತ್ತದೆ. ಮೂಡಿಗೆರೆಯ ಈ ಶಾಲೆಯ ಕಿಟಕಿಯಾಚೆ ಇರುವುದು ಸಿಲ್ವರ್ ಓಕ್ ಮರಗಳು, ಒಂದಿಷ್ಟು ಕಾಫಿ ಗಿಡ, ಬೇಲಿ ಹಾರುವ ಚಟವಿರುವ ಒಂದು ಹಸು. ಡೀಸೆಲ್ ಎಲ್ಲಿಂದ ಬರಬೇಕು? ಆದರೂ ಬೋರ್ಡಿನ ಮೇಲೆ ‘ವಿಮೋಚನಾ ವೇಗ’ ಎಂದು ಬರೆದು ಕೆಳಗೊಂದು ಗೆರೆ ಎಳೆದ ಕೂಡಲೇ ವಾಸನೆ ಹಾಜರು. ಅದರ ಬೆನ್ನಿಗೇ ಒಂದು ದನಿ: “ಪುಸ್ತಕ ಉಂಟು ಟೀಚರೇ. ಕಾರಣ ಉಂಟಾ?” ನಾನು ಮಕ್ಕಳ ಎದುರಿಗೆ ಒಬ್ಬಳೇ ಕಿಸಕ್ಕೆಂದು ನಗುತ್ತೇನೆ. ಈ ಮೇಡಂಗೆ ಈ ಪಾಠ ಬಂದರೆ ಏನೋ ಆಗುತ್ತದೆ ಎಂದು ಮಕ್ಕಳು ಮನೆಯಲ್ಲಿ ಹೇಳಿದ್ದಾರಂತೆ.

ಆ ದನಿ ಒಬ್ಬ ಜೀಪ್ ಡ್ರೈವರದ್ದು. ನಾನು ಮೊದಲು ಕೆಲಸಕ್ಕೆ ಸೇರಿದ ಹೈಸ್ಕೂಲು ಸಂಸೆಯಿಂದ ಮೇಲೆ, ಬಸ್ಸು ಹತ್ತಲಾರದ ಗುಡ್ಡದ ಮೇಲಿತ್ತು. ಅಲ್ಲಿಗೆ ಅವರು ಬಾಡಿಗೆ ಜೀಪು ಓಡಿಸುತ್ತಿದ್ದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ, ‘ನನ್ನ ಹೆಸರು ಹಾಕಿ ಜೀಪಿನ ನಂಬರು ಬಿಟ್ಟಿದ್ದು ಎಂತಕ್ಕೆ?’ ಎಂದು ಜಗಳಕ್ಕೆ ಬರುವ ಆಸಾಮಿ.

ನಾನು ಕಡೂರು ಕಡೆಯ ಬಯಲಿನಲ್ಲಿ ಹುಟ್ಟಿ ಬೆಳೆದವಳು. ರಸ್ತೆ ಎಂದರೆ ನೆಲದ ಮೇಲೆ ಮಲಗಿರುವಂಥದ್ದು ಎಂದು ನಂಬಿದ್ದವಳು. ಕೆಲಸಕ್ಕೆ ಹಾಜರಾಗಲು ಹೊರಟ ದಿನ ಸಂಸೆಯ ಜೀಪ್ ಸ್ಟ್ಯಾಂಡಿನಲ್ಲಿ ನಿಂತು ನೋಡಿದರೆ, ಇಲ್ಲಿ ರಸ್ತೆ ಎದ್ದು ನಿಂತಿತ್ತು. ಜೀಪಿನೊಳಗೆ ಆಗಲೇ ಹದಿನಾಲ್ಕು ಜನ, ಎರಡು ಗೊಬ್ಬರದ ಮೂಟೆ, ಒಂದು ಕೋಳಿ. ಹಿಂಬದಿಯ ಮೆಟ್ಟಿಲಿನ ಮೇಲೆ ನೇತಾಡಲು ನಾನು ಸೆರಗು ಸಿಕ್ಕಿಸುತ್ತಿದ್ದಾಗ ಡ್ರೈವರು ಕತ್ತು ಹೊರಹಾಕಿ ಕೇಳಿದರು.

“ಹೊಸ ಟೀಚರಾ? ಎಂತ ಸಬ್ಜೆಕ್ಟು?”

“ವಿಜ್ಞಾನ.”

ಅವರ ಮುಖ ಜಾತ್ರೆಯ ಬೆಳಗಿನ ಹಾಗೆ ಆಯಿತು. “ಹೂವಕ್ಕಾ, ನೀನು ಹಿಂದೆ ಹೋಗು. ವಿಜ್ಞಾನದ ಟೀಚರು ಮುಂದೆ ಬರ್ಲಿ.”

ಹೂವಕ್ಕ ಎಂದರೆ ದಿನಾ ಬೆಳಿಗ್ಗೆ ಹೊರನಾಡಿನ ದೇವಸ್ಥಾನದ ಬಾಗಿಲಲ್ಲಿ ಹೂ ಮಾರಿ, ಮಿಕ್ಕಿದ್ದನ್ನು ಬುಟ್ಟಿಯಲ್ಲಿ ಹೊತ್ತು ಮರಳುವ ಗಟ್ಟಿಗಿತ್ತಿ ಹೆಂಗಸು. ಅವಳು ಬುಟ್ಟಿ ಎತ್ತಿಕೊಂಡು ಇಳಿಯುತ್ತಾ ನನ್ನನ್ನು ಕರುಣೆಯಿಂದ ನೋಡಿ, “ಬಂತು ಇನ್ನೊಂದು ಬಲಿ” ಎಂದಳು. ನನಗೆ ಅರ್ಥವಾಗಲಿಲ್ಲ. ಮುಂದಿನ ಸೀಟು ಸಿಕ್ಕಿತಲ್ಲ ಎಂದು ಬೀಗಿಕೊಂಡು ಕೂತೆ.

ಜೀಪು ಮೊದಲ ತಿರುವು ದಾಟುವ ಮೊದಲೇ ಪ್ರಶ್ನೆ ಬಂತು. “ಭೂಮಿ ಬಿಟ್ಟು ಹೊರಗೆ ಹೋಗ್ಲಿಕ್ಕೆ ಎಷ್ಟು ಸ್ಪೀಡು ಬೇಕು ಟೀಚರೇ?”

ಬಿ.ಎಸ್ಸಿ. ಫಸ್ಟ್ ಕ್ಲಾಸು ನಾನು. “ಸೆಕೆಂಡಿಗೆ ಹನ್ನೊಂದು ಪಾಯಿಂಟ್ ಎರಡು ಕಿಲೋಮೀಟರ್” ಎಂದೆ.

“ಅಷ್ಟು ಇಲ್ಲದಿದ್ರೆ?”

“ವಾಪಸ್ ಬಿದ್ದುಹೋಗುತ್ತೆ.”

“ಹಿಂದಿಂದ ತಳ್ತಾನೇ ಇದ್ರೂ ಬೀಳ್ತದಾ?”

“ಬೇಕೇ ಬೇಕು ರೀ ಅಷ್ಟು ವೇಗ. ಪುಸ್ತಕದಲ್ಲೇ ಇದೆ.”

“ಪುಸ್ತಕ ಉಂಟು ಟೀಚರೇ. ಕಾರಣ ಉಂಟಾ?”

ಅಷ್ಟರಲ್ಲಿ ಉಬ್ಬಸದ ಏರು ಬಂತು. ಹತ್ತಿದವರೆಲ್ಲ ಏದುಸಿರು ಬಿಡುವುದರಿಂದ ಊರವರು ಅದಕ್ಕೆ ಆ ಹೆಸರಿಟ್ಟಿದ್ದರು. ಬುಡದಲ್ಲಿ ಒಂದು ಮೋರಿ, ಅಲ್ಲಿಂದ ಮೇಲಕ್ಕೆ ಕಲ್ಲು ಕಿತ್ತುಹೋದ ನೆಟ್ಟಗಿನ ದಾರಿ. ಬೇರೆ ಡ್ರೈವರುಗಳು ಮೋರಿಯ ಆಚೆಯಿಂದಲೇ ಓಟ ತೆಗೆದು, ಭರ್ರೆಂದು ನುಗ್ಗಿ, ಒಂದೇ ಉಸಿರಿಗೆ ಏರನ್ನು ಹತ್ತಿಸುತ್ತಿದ್ದರು. ಓಟ ಸಾಲದಿದ್ದರೆ ಜೀಪು ಅರ್ಧದಲ್ಲಿ ನಿಂತು ಹಿಂದಕ್ಕೆ ಜಾರುವುದು, ಯಾರಾದರೂ ಹಾರಿ ಟಯರಿಗೆ ಕಲ್ಲು ಕೊಡುವುದು, ಮತ್ತೆ ಮೋರಿಯ ತನಕ ಇಳಿದು ಮತ್ತೊಮ್ಮೆ ಓಟ ತೆಗೆಯುವುದು. ಇವರದ್ದು ಆ ಪದ್ಧತಿಯೇ ಅಲ್ಲ. ಮೋರಿಯ ಮೇಲೆ ಪೂರ್ತಿ ನಿಲ್ಲಿಸುತ್ತಿದ್ದರು. ಚಪ್ಪಲಿ ಬಿಚ್ಚಿ ಪಕ್ಕಕ್ಕಿಡುತ್ತಿದ್ದರು. ಫೋರ್ ವೀಲು, ಅದರೊಳಗೆ ಲೋ ಗೇರು ಹಾಕಿ, ಡ್ಯಾಶ್‌ಬೋರ್ಡಿಗೆ ಎರಡು ಸಲ ತಟ್ಟಿ, “ಹ್ಞಾ, ಹೋಗುವ” ಎನ್ನುತ್ತಿದ್ದರು. ಆಮೇಲೆ ಜೀಪು ಬಸುರಿ ಎಮ್ಮೆಯಂತೆ ಹೆಜ್ಜೆ ಹೆಜ್ಜೆ ಹತ್ತುತ್ತಿತ್ತು. ಹೂವಕ್ಕ ನಡುವೆ ಇಳಿದು, ಬೇಲಿಯ ದಾಸವಾಳ ಕೊಯ್ದು, ಸೆರಗಿಗೆ ತುಂಬಿಕೊಂಡು, ಬೇಕಾದರೆ ಬೇಲಿಯಾಚೆಯವರ ಜೊತೆ ಎರಡು ಮಾತೂ ಆಡಿ, ಮತ್ತೆ ಅದೇ ಜೀಪಿಗೆ ಹತ್ತಬಹುದಿತ್ತು. ಹತ್ತುತ್ತಿದ್ದಳು ಕೂಡ.

ಮೇಲೆ ಮುಟ್ಟಿದ ಮೇಲೆ ಅವರು ನನ್ನ ಕಡೆ ತಿರುಗಿದರು. “ಈಗ ನಮ್ಮ ಸ್ಪೀಡು ಎಷ್ಟು? ನಾಯಿ ನಡೆಯುವಷ್ಟು. ನಾವು ಮೇಲೆ ಬಂದ್ವಾ ಇಲ್ವಾ?”

“ಇದು ಏರು ರೀ! ಅದು ಇಡೀ ಭೂಮಿ!” ಎಂದೆ, ಸಿಟ್ಟಿನಿಂದ.

“ಏರು ಎಂತ ಭೂಮಿಯದ್ದಲ್ವಾ?” ಎಂದರು, ತಣ್ಣಗೆ. ಹಿಂದಿನಿಂದ ಕೋಳಿ ಕೂಡ ನಕ್ಕ ಹಾಗಾಯಿತು.

ಆ ಪ್ರಶ್ನೆಯ ಮೂಲ ನನಗೆ ತಿಳಿದದ್ದು ತಿಂಗಳೆರಡು ಕಳೆದ ಮೇಲೆ. ಒಂದು ದಿನ ಕಳಸದ ಹತ್ತಿರ ಪೊಲೀಸರು ಕೈ ಅಡ್ಡ ಹಾಕಿ ಜೀಪಿನ ದಾಖಲೆ ಕೇಳಿದರು. ಇವರು ಪ್ಲಾಸ್ಟಿಕ್ ಕವರು ತೆಗೆದು ಒಂದೊಂದಾಗಿ ಬಾನೆಟ್ಟಿನ ಮೇಲೆ ಹರಡಿದರು. ಆರ್‌ಸಿ, ಇನ್ಸೂರೆನ್ಸು, ಲೈಸೆನ್ಸು, ಅದರ ಜೊತೆಗೆ ಅರಿಸಿನದ ಬಣ್ಣಕ್ಕೆ ತಿರುಗಿದ ಒಂದು ಉತ್ತರ ಪತ್ರಿಕೆ. ಪೊಲೀಸಪ್ಪ ಅದನ್ನೂ ಓದಿ, “ಇದೆಂತ ಮಾರಾಯ, ಸೊನ್ನೆ ಬಂದದ್ದನ್ನೂ ಇಟ್ಕೊಂಡಿದ್ದೀ?” ಎಂದ.

ಅದು ಅವರ ಹೈಸ್ಕೂಲಿನ ಅರ್ಧವಾರ್ಷಿಕ ಪರೀಕ್ಷೆಯ ಹಾಳೆ. ‘ವಿಮೋಚನಾ ವೇಗ ಎಂದರೇನು?’ ಎಂಬ ಎರಡು ಮಾರ್ಕಿನ ಪ್ರಶ್ನೆಗೆ ಹುಡುಗ ಬರೆದಿದ್ದ: ‘ಭೂಮಿಯಿಂದ ಹೊರಗೆ ಹೋಗಲು ಇಷ್ಟೇ ವೇಗ ಬೇಕು ಎಂದು ಪುಸ್ತಕದಲ್ಲಿ ಇದೆ. ಆದರೆ ಹಿಂದಿನಿಂದ ತಳ್ಳುತ್ತಲೇ ಇದ್ದರೆ ಅಷ್ಟು ವೇಗ ಬೇಕಾಗಿಲ್ಲ. ನಡೆದುಕೊಂಡು ಹೋಗುವಷ್ಟು ನಿಧಾನವಾಗಿ ಹೋದರೂ ಚಂದ್ರನನ್ನು ಮುಟ್ಟಬಹುದು.’ ಪಕ್ಕದಲ್ಲಿ ಕೆಂಪು ಶಾಯಿಯ ಸೊನ್ನೆ. ದೊಡ್ಡ ಸೊನ್ನೆ, ಕಾಗದ ಹರಿಯುವಷ್ಟು ಒತ್ತಿ ಹಾಕಿದ್ದು.

“ಮಾರ್ಕಿಗೆ ಅಲ್ಲ ಟೀಚರೇ” ಎಂದರು ಅವರು, ಜೀಪು ಮತ್ತೆ ಹೊರಟ ಮೇಲೆ. “ನಮ್ಮ ಮೇಷ್ಟ್ರು ಇದನ್ನ ಕ್ಲಾಸಿನ ಎದುರು ಜೋರಾಗಿ ಓದಿದ್ರು. ‘ಇವ ನಡ್ಕೊಂಡು ಚಂದ್ರಲೋಕಕ್ಕೆ ಹೋಗ್ತಾನಂತೆ’ ಅಂದ್ರು. ಇಡೀ ಕ್ಲಾಸು ನಕ್ಕಿತು. ಅವತ್ತಿಂದ ನಾನು ಚಂದ್ರಲೋಕ.” ಹಿಂದಿನ ಸೀಟಿನತ್ತ ಹೆಬ್ಬೆರಳು ತೋರಿಸಿದರು. “ಆ ಹೆಸರು ಇಟ್ಟವ ಅಲ್ಲೇ ಕೂತಿದ್ದಾನೆ ನೋಡಿ.”

ಅಲ್ಲಿ ಕೂತಿದ್ದವರು ಮೇಲಿನ ಎಸ್ಟೇಟಿನ ರೈಟರು. ತೋಟದ ಹಾಜರಿ, ಕೆಲಸ, ಕೊಯ್ಲು ಎಲ್ಲದರ ಲೆಕ್ಕ ಬರೆಯುವವರು, ಇವರ ಸಹಪಾಠಿ. “ಹೌದು ಮೇಡಂ, ನಾನೇ” ಎಂದು ಅವರು ಹೆಮ್ಮೆಯಿಂದ ಒಪ್ಪಿಕೊಂಡರು. “ನಿಮ್ಗಿಂತ ಮುಂಚೆ ಆರು ಜನ ವಿಜ್ಞಾನದವ್ರು ಬಂದುಹೋಗಿದ್ದಾರೆ. ಎಲ್ರಿಗೂ ಈ ಕಾಗ್ದ ತೋರ್ಸಿದ್ದಾನೆ ಇವ. ಒಬ್ರು ಸಿಲಬಸ್ಸಲ್ಲಿ ಇಲ್ಲ ಅಂದ್ರು, ಒಬ್ರು ಬಾಯಿ ಮುಚ್ಕೊಂಡು ಗಾಡಿ ಹೊಡಿ ಅಂದ್ರು. ಒಬ್ರು ಪಾಪ ಬಸ್ಸಿರೋ ಊರಿಗೇ ವರ್ಗ ಮಾಡಿಸ್ಕೊಂಡ್ರು.”

“ನನ್ಗೆ ಬೇಕಾದ್ದು ಒಂದೇ” ಎಂದರು ಡ್ರೈವರು. “ಇದು ತಪ್ಪಾ ಸರಿಯಾ. ಕಾರಣ ಸಮೇತ. ಡಿಗ್ರಿ ಇದ್ದವ್ರು ಯಾರಾದ್ರೂ ಒಬ್ರು ಹೇಳ್ಬೇಕು.”

ನಾನು ತಪ್ಪು ಎಂದೆ. ಕಾರಣ ಕೇಳಿದರು. ಗುರುತ್ವ, ಚಲನ ಶಕ್ತಿ, ಸ್ಥಾಯಿ ಶಕ್ತಿ ಎಂದು ಏನೇನೋ ಹೇಳಿ, ಕೊನೆಗೆ, “ನಿಮಗೆ ಅರ್ಥವಾಗಲ್ಲ ಬಿಡಿ” ಎಂದುಬಿಟ್ಟೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಒಂದು ಬಿಡಬೇಕು ಅನಿಸುತ್ತದೆ. ಅವರು ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. “ಆಯ್ತು, ನಾಳೆ ಕೇಳ್ತೇನೆ” ಎಂದರು. ಮತ್ತು ಕೇಳಿದರು. ಆ ಶಾಲೆಯಲ್ಲಿ ನಾನಿದ್ದಷ್ಟು ವರ್ಷವೂ ಕೇಳಿದರು, ಏರು ಹತ್ತುವಾಗ ಮಾತ್ರ. ಇಳಿಜಾರಿನಲ್ಲಿ ಯೋಚನೆ ಮಾಡಬಾರದು, ಬ್ರೇಕು ಮಾತ್ರ ಮಾಡಬೇಕು ಎಂಬುದು ಅವರ ನಿಯಮ.

ಅವರ ಜೀಪಿನಲ್ಲಿ ಒಂದು ಶಾಲೆಯೇ ನಡೆಯುತ್ತಿತ್ತು. ಬೆಳಿಗ್ಗೆ ನಾನು ಹೇಳಿದ್ದನ್ನು ಅವರು ಸಂಜೆಯ ಟ್ರಿಪ್ಪಿನಲ್ಲಿ ಪ್ರಯಾಣಿಕರಿಗೆ ಪಾಠ ಮಾಡುತ್ತಿದ್ದರು, ಸ್ವಲ್ಪ ಒಗ್ಗರಣೆ ಸೇರಿಸಿ. ಚಂದ್ರನಲ್ಲಿ ಗಾಳಿ ಯಾಕಿಲ್ಲ ಎಂದು ಒಮ್ಮೆ ಹೇಳಿದ್ದೆ. ಗಾಳಿಯ ಕಣಗಳು ಸುಮ್ಮನೆ ಕೂರುವುದಿಲ್ಲ, ಸದಾ ಓಡುತ್ತಿರುತ್ತವೆ, ಚಂದ್ರನ ಹಿಡಿತ ಸಡಿಲ, ಹಾಗಾಗಿ ಒಂದೊಂದೇ ತಪ್ಪಿಸಿಕೊಂಡು ಹೋದವು ಎಂದು. ಮರುದಿನದಿಂದ ಹಿಂಬದಿಗೆ ನೇತಾಡುವವರಿಗೆಲ್ಲ ಅದೇ ಎಚ್ಚರಿಕೆ: “ಗಟ್ಟಿ ಹಿಡ್ಕೊಳ್ಳಿ ಮಾರಾಯ್ರೇ, ಇಲ್ಲದಿದ್ರೆ ಚಂದ್ರನ ಗಾಳಿ ಹಾಗೆ ಹೋಗ್ತೀರಿ!” ಹೂವಕ್ಕನಂತೂ ದೇವಸ್ಥಾನದ ಬಾಗಿಲಲ್ಲಿ ಚೌಕಾಸಿ ಮಾಡುವ ಗಿರಾಕಿಗಳಿಗೆ, “ನೀವು ಹನ್ನೊಂದು ಪಾಯಿಂಟ್ ಎರಡರಲ್ಲಿ ಹೋಗಿ, ನನ್ನ ಹೂವಿನ ರೇಟು ಅಲ್ಲೇ ಇರ್ತದೆ” ಎನ್ನುವ ಮಟ್ಟ ಮುಟ್ಟಿದ್ದಳು.

ಇನ್ನು ರಾಕೆಟ್ಟಿನ ಕತೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಹಿಡಿದುಕೊಳ್ಳಬೇಕು.

ಶಾಲೆಯಲ್ಲಿ ವಿಜ್ಞಾನ ದಿನ ಆಚರಿಸಿ ಎಂದು ಆದೇಶ ಬಂತು. ನೋಡಲು ಒಬ್ಬ ಮೇಲಧಿಕಾರಿ ಬರುತ್ತಾರೆ ಎಂಬ ಸುದ್ದಿಯೂ ಬಂತು. ಸೋಡಾ ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಬಿರಡೆ ಹಾಕಿ, ಒಳಗೆ ಒತ್ತಡ ಏರಿಸಿದರೆ ನೀರು ಕೆಳಕ್ಕೆ ಚಿಮ್ಮಿ ಬಾಟಲಿ ಮೇಲಕ್ಕೆ ಹಾರುತ್ತದೆ. ಅದನ್ನು ಮಾಡಿ ತೋರಿಸೋಣ ಎಂದುಕೊಂಡೆ. ಬೆಳಿಗ್ಗೆ ನೋಡಿದರೆ ಸೈಕಲ್ ಪಂಪಿನ ವಾಷರು ಕೈಕೊಟ್ಟಿತ್ತು. ನನ್ನ ಮುಖ ನೋಡಲಾರದೆ ಡ್ರೈವರು, “ತಡೀರಿ ಟೀಚರೇ” ಎಂದು ಹೋಗಿ ತಮ್ಮ ಮನೆಯಿಂದ ಅಡಿಕೆಗೆ ಔಷಧಿ ಹೊಡೆಯುವ ಕೈಪಂಪನ್ನು ಜೀಪಿಗೆ ಹಾಕಿಕೊಂಡು ಬಂದರು. ಅದರ ಪೈಪನ್ನು ಬಿರಡೆಗೆ ಸಿಕ್ಕಿಸಿ ನೀರನ್ನೇ ಒಳಗೆ ಒತ್ತಿದರೆ ಗಾಳಿ ತಾನಾಗಿ ಬಿಗಿಯುತ್ತದೆ ಎಂದರು. ಮಾತು ಸರಿಯಾಗಿತ್ತು. ನನಗೆ ಹೊಳೆದಿರಲಿಲ್ಲ.

ಅಧಿಕಾರಿ ಬಂದರು. ಬಿಳಿ ಅಂಗಿ, ಬಿಳಿ ಪ್ಯಾಂಟು. ನೀರಿನ ರಾಕೆಟ್ಟು ಎಂದು ಕೇಳಿ ಧೈರ್ಯವಾಗಿ ಎರಡು ಹೆಜ್ಜೆ ಮುಂದೆ ಬಂದು ನಿಂತರು. ಡ್ರೈವರು ಪಂಪಿನ ಹಿಡಿಕೆಯನ್ನು ಹಿಂದೆ ಮುಂದೆ ಎಳೆಯತೊಡಗಿದರು. ಮಕ್ಕಳು ಹತ್ತರಿಂದ ಕೆಳಕ್ಕೆ ಎಣಿಸಿದರು. ಮೂರು ಎನ್ನುವಾಗಲೇ ಬಾಟಲಿಗೆ ತಾಳ್ಮೆ ಕೆಟ್ಟಿತು. ಢಬ್ ಎಂದು ಸಿಲ್ವರ್ ಮರದ ತುದಿಯ ತನಕ ಹೋಯಿತು. ಎಲ್ಲರ ಕತ್ತೂ ಮೇಲೆ. ಕತ್ತು ಕೆಳಗಿಳಿಸಿ ನೋಡಿದರೆ ಅಧಿಕಾರಿಗಳು ನೀಲಿ. ನನ್ನ ಸೀರೆ ನೀಲಿ. ಮುಂದಿನ ಸಾಲಿನ ಮಕ್ಕಳೆಲ್ಲ ಕೃಷ್ಣಾಷ್ಟಮಿಯ ವೇಷದವರು.

ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ. ಅಡಿಕೆಯ ಕೊಳೆರೋಗಕ್ಕೆ ಹೊಡೆದು ಇಟ್ಟಿದ್ದ ಪಂಪನ್ನು ಯಾರೂ ತೊಳೆದಿರಲಿಲ್ಲ. ಉದ್ದದ ಪೈಪಿನ ತುಂಬಾ ಅದೇ ಇತ್ತು.

ಅಧಿಕಾರಿಗಳು ಕನ್ನಡಕ ತೆಗೆದರು. ಕನ್ನಡಕ ಇದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. “ಏನ್ರೀ ಇದು?” ಎಂದರು ಮೆಲ್ಲಗೆ.

ಡ್ರೈವರೇ ಮುಂದೆ ಬಂದು, ಕೈಮುಗಿದು, ಬಹಳ ವಿನಯದಿಂದ ಹೇಳಿದರು. “ಹೆದರ್ಬೇಡಿ ಸಾರ್. ಈ ಮಳೆಗಾಲ ನಿಮಗೆ ಕೊಳೆರೋಗ ಬರೂದಿಲ್ಲ.”

ಪುಣ್ಯಕ್ಕೆ ಆ ಮನುಷ್ಯನೂ ಅಡಿಕೆ ತೋಟದ ಮನೆಯವರೇ. ಮೊದಲು ಒಂದು ಸಲ ಕೆಮ್ಮಿದರು, ಆಮೇಲೆ ನಕ್ಕರು, ಆಮೇಲೆ ಕೂತು ನಕ್ಕರು. ಆ ಗದ್ದಲದ ನಡುವೆ ಬಾಟಲಿ ಬಿಸಿಯೂಟದ ಕೋಣೆಯ ಹೆಂಚಿನ ಮೇಲೆ ಬಿದ್ದು ಉರುಳಿತು. ಡ್ರೈವರು ನನ್ನ ಕಿವಿಯ ಹತ್ತಿರ ಬಂದು ಕೇಳಿದ್ದು ಇಷ್ಟು: “ಒಂದ್ಸಲ ತಳ್ಳಿ ಕೈ ಬಿಟ್ರೆ ವಾಪಸು ಬಂತು. ನೋಡಿದ್ರಾ? ಮರದ ತುದಿಗೆ ಹೋದ ಮೇಲೂ ತಳ್ತಾ ಇದ್ದಿದ್ರೆ?” ನೀಲಿ ಮುಖ ಹೊತ್ತುಕೊಂಡು ನಾನು ಕಣ್ಣು ಕೆಕ್ಕರಿಸಿದೆ. ನಾನು ಹೇಳುತ್ತಾ ಬಂದದ್ದೇ ತಪ್ಪಿರಬಹುದೇ ಎಂಬ ಅನುಮಾನ ಮೊದಲ ಸಲ ಬಂದದ್ದು ಆಗ.

ಆಮೇಲೆ ನಮ್ಮ ದೇಶದ ನೌಕೆ ಚಂದ್ರನಿಗೆ ಹೊರಟಿತು. ಪತ್ರಿಕೆಯಲ್ಲಿ ಅದರ ದಾರಿಯ ಚಿತ್ರ ಬಂದಿತ್ತು. ಒಂದೇ ನೆಗೆತಕ್ಕೆ ಹೋಗುವುದಲ್ಲ, ಭೂಮಿಯನ್ನೇ ಸುತ್ತು ಹಾಕುತ್ತಾ, ಸುತ್ತು ಸುತ್ತಿಗೂ ಒಂದಿಷ್ಟು ತಳ್ಳಿಸಿಕೊಂಡು, ದೊಡ್ಡ ದೊಡ್ಡ ಸುತ್ತು ಹೊಡೆದು, ವಾರಗಟ್ಟಲೆ ತೆಗೆದುಕೊಂಡು ಹೋಗುವುದು. ಬೆಳಿಗ್ಗೆ ಜೀಪು ಹತ್ತಿದರೆ ಆ ಚಿತ್ರ ಮುಂದಿನ ಗಾಜಿಗೆ ಅಂಟಿಕೊಂಡಿತ್ತು, ರಸ್ತೆ ಅರ್ಧ ಕಾಣದ ಹಾಗೆ.

“ಘಾಟಿ ರಸ್ತೆ ಟೀಚರೇ!” ಎಂದು ಅವರು ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಎತ್ತಿದರು. “ನಮ್ಮ ಘಾಟಿ ರಸ್ತೆಯ ಹಾಗೇ ಸುತ್ತಿ ಸುತ್ತಿ ಹತ್ತಿಸ್ತಿದ್ದಾರೆ! ಅವರಲ್ಲಿ ಯಾರೋ ನಮ್ಮ ಕಡೆಯ ಡ್ರೈವರು ಇರ್ಬೇಕು!”

“ಸ್ಟಿಯರಿಂಗು!” ಎಂದು ಇಡೀ ಜೀಪು ಕಿರುಚಿತು.

ಅಂದು ಮನೆಗೆ ಬಂದವಳೇ ಹಳೆಯ ಕಾಲೇಜು ಪುಸ್ತಕಗಳನ್ನು ಹರಡಿಕೊಂಡು ಕೂತೆ. ಹನ್ನೊಂದು ಪಾಯಿಂಟ್ ಎರಡು ಎಂಬ ಸಂಖ್ಯೆಯ ಪಕ್ಕದಲ್ಲೇ, ನಾನು ಪರೀಕ್ಷೆಗೆಂದು ಉರು ಹೊಡೆಯುವಾಗ ದಾಟಿಕೊಂಡು ಹೋಗಿದ್ದ ಒಂದು ಪುಟ್ಟ ಷರತ್ತು ಇತ್ತು. ಒಮ್ಮೆ ಎಸೆದು, ಆಮೇಲೆ ತಳ್ಳದೆ ಬಿಟ್ಟ ವಸ್ತುವಿಗೆ ಮಾತ್ರ ಈ ಲೆಕ್ಕ. ಅಷ್ಟೇ. ಹುಡುಗ ಬರೆದದ್ದು ಸರಿಯಿತ್ತು. ಆರು ಜನ ವಿಜ್ಞಾನದವರು, ಏಳನೆಯವಳು ನಾನು, ಅದಕ್ಕೂ ಮುಂಚೆ ಆ ಮೇಷ್ಟ್ರು, ನಾವೆಲ್ಲ ಸೇರಿ ತಪ್ಪು ಮಾಡಿದ್ದೆವು.

ಮಾರನೆಯ ದಿನ ಹೇಳಬೇಕಿತ್ತು. ಹೇಳಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಹೂವಕ್ಕನ ಎದುರು, ರೈಟರ ಎದುರು, ‘ನನಗೆ ಗೊತ್ತಿರಲಿಲ್ಲ, ಇವರಿಗೆ ಗೊತ್ತಿತ್ತು’ ಎನ್ನಲು ನನ್ನ ಫಸ್ಟ್ ಕ್ಲಾಸು ಬಿಡಲಿಲ್ಲ. ನಾಳೆ, ನಾಡಿದ್ದು, ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಅವರು ಏರು ಹತ್ತುವಾಗ ಕೇಳಿದಾಗಲೆಲ್ಲ, “ನೋಡೋಣ, ಓದ್ತಾ ಇದೀನಿ” ಎಂದು ಸುಳ್ಳು ಹೇಳಿದೆ. ಅಷ್ಟರಲ್ಲಿ ಮೂಡಿಗೆರೆಗೆ ವರ್ಗವಾಯಿತು. ಸಂಸೆಯ ಬಾಡಿಗೆ ಮನೆಯಿಂದ ಅವರದೇ ಜೀಪಿನಲ್ಲಿ ಹಾಸಿಗೆ, ಪಾತ್ರೆ, ಪುಸ್ತಕ ಹೇರಿಕೊಂಡು ಕಳಸಕ್ಕೆ ಇಳಿದೆ. ಇಳಿಜಾರಿನಲ್ಲಿ ಪ್ರಶ್ನೆ ಇಲ್ಲವಲ್ಲ, ಹಾಗಾಗಿ ಅವರು ಕೇಳಲಿಲ್ಲ. ಬಸ್ಸು ಹತ್ತಿಸುವಾಗ, “ಉತ್ತರ ಸಿಕ್ರೆ ಒಂದು ಫೋನು ಮಾಡಿ ಟೀಚರೇ” ಎಂದರು. ನಾನು ತಲೆಯಾಡಿಸಿದೆ.

ಫೋನು ನಾನು ಮಾಡಲಿಲ್ಲ. ಎರಡು ವರ್ಷದ ಮೇಲೆ ಹೂವಕ್ಕ ಮಾಡಿದಳು. “ನಮ್ಮ ಚಂದ್ರಲೋಕ ಜೀಪು ಬಿಡ್ತಾರಂತೆ ಟೀಚರೇ. ಕಣ್ಣಿಗೆ ಪೊರೆ ಬಂದಿದೆ. ಡಾಕ್ಟ್ರು ಸಾಕು ಅಂದ್ರಂತೆ. ಬರೋ ಭಾನ್ವಾರ ಲಾಸ್ಟ್ ಟ್ರಿಪ್ಪು. ಬನ್ನಿ, ಸೀಟು ಹಿಡಿದಿಡ್ತೇನೆ.” ಫೋನಿಟ್ಟ ಮೇಲೆ ನಾನು ಮೇಜಿನ ಡ್ರಾಯರಿನಿಂದ ಕೆಂಪು ಪೆನ್ನು ತೆಗೆದು ಬ್ಯಾಗಿಗೆ ಹಾಕಿದೆ.

ಸಂಸೆಯ ಜೀಪ್ ಸ್ಟ್ಯಾಂಡಿನಲ್ಲಿ ಒಂದು ಶಾಮಿಯಾನವಿಲ್ಲ, ಮೈಕಿಲ್ಲ. ಹಳೆಯ ಜೀಪಿನ ಬಾನೆಟ್ಟಿಗೆ ಹೂವಕ್ಕ ಸೇವಂತಿಗೆಯ ಮಾಲೆ ಹಾಕಿದ್ದಳು. ರೈಟರು ಒಂದು ಶಾಲು ತಂದಿದ್ದರು. ಶಾಲು ಹೊದಿಸಿಕೊಂಡು ಡ್ರೈವರು ಮದುಮಗನಂತೆ ಸಂಕೋಚಪಡುತ್ತಾ ನಿಂತಿದ್ದರು. ನನ್ನನ್ನು ದನಿಯಿಂದ ಗುರುತು ಹಿಡಿದು, “ಟೀಚರೇ!” ಎಂದರು. “ಎರಡು ಮಾತು ಹೇಳಿ ಮೇಡಂ” ಎಂದರು ರೈಟರು.

“ಮೊದಲು ಆ ಕವರು ಕೊಡಿ” ಎಂದೆ.

ಡ್ರೈವರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಜೀಪಿನೊಳಗೆ ಕೈ ಹಾಕಿ ಪ್ಲಾಸ್ಟಿಕ್ ಕವರು ತಂದುಕೊಟ್ಟರು. ನಾನು ಉತ್ತರ ಪತ್ರಿಕೆ ಬಿಡಿಸಿ, ಅವತ್ತು ಅವರ ಮೇಷ್ಟ್ರು ಓದಿದಂತೆಯೇ, ಎಲ್ಲರಿಗೂ ಕೇಳುವ ಹಾಗೆ ಜೋರಾಗಿ ಓದಿದೆ. ‘ನಡೆದುಕೊಂಡು ಹೋಗುವಷ್ಟು ನಿಧಾನವಾಗಿ’ ಎಂಬಲ್ಲಿಗೆ ಬಂದಾಗ ಅಭ್ಯಾಸದಂತೆ ಯಾರೋ ನಕ್ಕರು.

“ನಗಬೇಡಿ” ಎಂದೆ. “ಇದು ಸರಿ. ನಾನು ಇಷ್ಟು ವರ್ಷ ತಪ್ಪು ಹೇಳಿದ್ದೆ. ಇದು ಸರಿ ಅಂತ ನನಗೆ ಗೊತ್ತಾಗಿ ಎರಡು ವರ್ಷದ ಮೇಲಾಯಿತು. ಬಾಯಿ ಬರಲಿಲ್ಲ. ಅದು ಇನ್ನೂ ದೊಡ್ಡ ತಪ್ಪು.”

ಆಮೇಲೆ ಕಾರಣ ಹೇಳಿದೆ. ಕವಣೆಯಿಂದ ಮಂಗನಿಗೆ ಕಲ್ಲು ಹೊಡೆದರೆ, ಕಲ್ಲಿಗೆ ಸಿಗುವುದು ಒಂದೇ ಏಟು. ಆಮೇಲೆ ಭೂಮಿ ಅದನ್ನು ಹಿಂದಕ್ಕೆ ಜಗ್ಗುತ್ತಲೇ ಇರುತ್ತದೆ. ಅದು ಮರಳಿ ಬರದ ಹಾಗೆ ಹೋಗಬೇಕಾದರೆ ಕವಣೆ ಬಿಡುವಾಗಲೇ ಹನ್ನೊಂದು ಪಾಯಿಂಟ್ ಎರಡು ಬೇಕು. ಆದರೆ ಜೀಪು ಕವಣೆಯ ಕಲ್ಲಲ್ಲ. ಎಂಜಿನ್ನು ತಳ್ಳುತ್ತಲೇ ಇದ್ದರೆ, ಭೂಮಿ ಜಗ್ಗುವುದಕ್ಕಿಂತ ಒಂದು ಕೂದಲೆಳೆ ಹೆಚ್ಚು ತಳ್ಳಿದರೂ ಸಾಕು, ಎಷ್ಟು ನಿಧಾನವಾಗಿಯಾದರೂ ಹೋಗಬಹುದು. ಮೇಲೆ ಹೋದಷ್ಟೂ ಭೂಮಿಯ ಹಿಡಿತವೂ ಸಡಿಲವಾಗುತ್ತದೆ.

“ಹಾಗಾದ್ರೆ ರಾಕೆಟ್ಟಿನವ್ರು ನಿಧಾನ ಯಾಕೆ ಹೋಗೂದಿಲ್ಲ? ಅಷ್ಟು ಬೆಂಕಿ, ಅಷ್ಟು ಗಡಿಬಿಡಿ ಎಂತಕ್ಕೆ?” ಎಂದು ರೈಟರು ಅಡ್ಡ ಹಾಕಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಡ್ರೈವರೇ ಉತ್ತರ ಕೊಟ್ಟರು. “ಡೀಸೆಲ್ಲು ಮಾರಾಯ! ಏರಲ್ಲಿ ಕ್ಲಚ್ಚಲ್ಲಿ ಹಿಡಿದು ಸುಮ್ಮನೆ ನಿಂತ್ರೂ ಎಂಜಿನ್ನು ಕುಡೀತದೆ. ಒಂದಡಿ ಮುಂದೆ ಹೋಗದೆ ಟ್ಯಾಂಕು ಖಾಲಿ. ಅವ್ರಿಗೆ ದಾರೀಲಿ ಬಂಕ್ ಉಂಟಾ?” ಇದಕ್ಕಿಂತ ಚೆನ್ನಾಗಿ ನಾನು ಹೇಳುತ್ತಿರಲಿಲ್ಲ.

ಕೆಂಪು ಪೆನ್ನು ತೆಗೆದೆ. ಸೊನ್ನೆಯನ್ನು ಹೊಡೆದುಹಾಕಿ ಪಕ್ಕದಲ್ಲಿ ಒಂದು ಎಂದು ಬರೆದೆ.

“ಒಂದಾ?” ಎಂದು ಹೂವಕ್ಕ ಸೊಂಟಕ್ಕೆ ಕೈಯಿಟ್ಟಳು. “ಎರಡು ಮಾರ್ಕಿನ ಪ್ರಶ್ನೆ ಅಲ್ವಾ? ಈಗಷ್ಟೇ ಸರಿ ಅಂದ್ರಿ!”

“ಪ್ರಶ್ನೆ ಕೇಳಿದ್ದು ವಿಮೋಚನಾ ವೇಗ ಎಂದರೇನು ಅಂತ. ಇವರು ಅದು ಬೇಡ ಅಂತ ವಾದ ಬರೆದಿದ್ದಾರೆ, ಅದು ಏನು ಅಂತ ಬರೆದಿಲ್ಲ. ಅರ್ಧ ಉತ್ತರಕ್ಕೆ ಅರ್ಧ ಮಾರ್ಕು.” ಇಡೀ ಸ್ಟ್ಯಾಂಡು ನನ್ನ ಮೇಲೆ ಏರಿಬಂತು. ಶಾಲು ಹೊದಿಸುವ ದಿನವಾದರೂ ಕೈ ಬಿಚ್ಚಬಾರದೇ ಎಂದರು, ಬಯಲುಸೀಮೆಯವರ ಬುದ್ಧಿಯೇ ಇಷ್ಟು ಎಂದರು. ಡ್ರೈವರು ಮಾತ್ರ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಅವರ ಕಣ್ಣು ಒದ್ದೆಯಾಗಿತ್ತು. ಪೊರೆಯಿಂದ ಇದ್ದರೂ ಇರಬಹುದು.

“ಟೀಚರು ಸರಿ. ಪೂರ್ತಿ ಕೊಟ್ಟಿದ್ರೆ ಪಾಪ ಅಂತ ಕೊಟ್ಟದ್ದು ಅನ್ನಿಸ್ತಿತ್ತು” ಎಂದರು. ಹಾಳೆಯನ್ನು ಕವರಿಗೆ ಸೇರಿಸಿ, “ಎಲ್ಲ ಹತ್ತಿ” ಎಂದರು.

ಮುಂದಿನ ಸೀಟಿನಲ್ಲಿ ನಾನು, ಹಿಂದೆ ಹೂವಕ್ಕ, ರೈಟರು, ಇನ್ನೂ ಹತ್ತು ಜನ. ಉಬ್ಬಸದ ಏರು ಹತ್ತಿರ ಬಂತು. ಮೋರಿಗೆ ಇನ್ನೂ ದೂರ ಇರುವಾಗಲೇ ಅವರು ಜೀಪು ನಿಲ್ಲಿಸಿದರು. ಚಪ್ಪಲಿ ಬಿಚ್ಚಿದರು. ಡ್ಯಾಶ್‌ಬೋರ್ಡಿಗೆ ಎರಡು ಸಲ ತಟ್ಟಿದರು. ಆದರೆ ಕೈ ಲೋ ಗೇರಿನ ಕಡೆ ಹೋಗಲಿಲ್ಲ.

“ಉಳಿದ ಅರ್ಧ ಉತ್ತರ ಈಗ ಬರೀತೇನೆ. ಹೆದ್ರುವವ್ರು ಇಳೀರಿ.”

ಯಾರೂ ಇಳಿಯಲಿಲ್ಲ. ಹೂವಕ್ಕ ಬುಟ್ಟಿಯನ್ನು ತಬ್ಬಿಕೊಂಡಳು. “ಎಲ್ಲ ಗಟ್ಟಿ ಹಿಡ್ಕೊಳ್ಳಿ, ಚಂದ್ರನ ಗಾಳಿ!” ಎಂದು ರೈಟರೇ ಕೂಗಿದರು. ಡ್ರೈವರಾದ ಮೇಲೆ ಮೊಟ್ಟಮೊದಲ ಬಾರಿಗೆ, ಅದೂ ಕೊನೆಯ ಟ್ರಿಪ್ಪಿನಲ್ಲಿ, ಅವರು ಆ ಏರಿಗೆ ಓಟ ತೆಗೆದರು. ಜೀಪು ಭರ್ರೆಂದಿತು. ಮೋರಿ ಢಬಕ್ಕೆಂದಿತು. ನನ್ನ ತಲೆ ಮೇಲಿನ ಸಲಾಕೆಗೆ ಬಡಿಯಿತು, ರೈಟರ ಟೊಪ್ಪಿ ಹಾರಿಹೋಯಿತು, ಹೂವಕ್ಕನ ಬುಟ್ಟಿಯ ಸೇವಂತಿಗೆಯೆಲ್ಲ ಚಿಮ್ಮಿ ಎಲ್ಲರ ಮೇಲೂ ಸುರಿಯಿತು. ಹದಿಮೂರು ಜನವೂ ಒಟ್ಟಿಗೆ ಕಿರುಚುತ್ತಿದ್ದೆವು, ಒಟ್ಟಿಗೆ ನಗುತ್ತಿದ್ದೆವು. “ಇಲ್ಲಿ ಕಾಲು ತೆಗೆದೆ!” ಎಂದು ಕೂಗಿ ಅವರು ನಡು ಏರಿನಲ್ಲಿ ಆಕ್ಸಿಲರೇಟರಿನಿಂದ ಕಾಲೆತ್ತಿ ಕ್ಲಚ್ಚು ಒತ್ತಿಬಿಟ್ಟರು. ಜೀಪು ಕವಣೆ ಬಿಟ್ಟ ಕಲ್ಲಿನಂತೆ ತನ್ನ ಪಾಡಿಗೆ ಹೋಯಿತು. ನಿಧಾನವಾಯಿತು. ಇನ್ನೂ ನಿಧಾನವಾಯಿತು. ಏರಿನ ತಲೆಗೆ ಹತ್ತು ಮಾರು ಇರುವಾಗ ನಿಂತು, ಒಂದು ಕ್ಷಣ ಯೋಚಿಸಿ, ಹಿಂದಕ್ಕೆ ಜಾರತೊಡಗಿತು.

ಬ್ರೇಕು ಕಿರ್ರೆಂದಿತು. ರೈಟರು ಹಾರಿ ಟಯರಿಗೆ ಕಲ್ಲು ಕೊಟ್ಟರು.

“ಒಂದ್ಸಲ ತಳ್ಳಿ ಬಿಟ್ಟದ್ದು ವಾಪಸು ಬಾರದೆ ಇರ್ಲಿಕ್ಕೆ ಹೊರಡುವಾಗಲೇ ಬೇಕಾದ ಸ್ಪೀಡು, ಅದೇ ವಿಮೋಚನಾ ವೇಗ” ಎಂದರು ಅವರು, ಉಸಿರು ತೆಗೆದುಕೊಳ್ಳುತ್ತಾ. “ನಮ್ಗೆ ಸಾಲ್ಲಿಲ್ಲ.” ಆಮೇಲೆ ಫೋರ್ ವೀಲು, ಲೋ ಗೇರು ಹಾಕಿದರು. “ಹ್ಞಾ, ಹೋಗುವ.” ಉಳಿದ ಹತ್ತು ಮಾರನ್ನು ಜೀಪು ಹೆಜ್ಜೆ ಹೆಜ್ಜೆಯಾಗಿ ಹತ್ತಿತು.

ಮೇಲೆ ನಿಲ್ಲಿಸಿ ಕವರನ್ನು ನನ್ನ ಮಡಿಲಿಗೆ ಹಾಕಿದರು. ನನ್ನ ತಲೆಯಲ್ಲಿ ಬುಗುಟೆ, ಕೂದಲಲ್ಲಿ ಸೇವಂತಿಗೆಯ ಎಸಳು, ಕೈಯಲ್ಲಿ ಕೆಂಪು ಪೆನ್ನು. ಒಂದನ್ನು ಹೊಡೆದು ಸೊಟ್ಟಗೆ ಎರಡು ಎಂದು ಬರೆದು, ಕೆಳಗೆ ಸಹಿ ಹಾಕಿದೆ. ಅವರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು, ಬೆಳಕಿಗೆ ಹಿಡಿದರು.

“ಎಷ್ಟು ಬರ್ದಿದ್ದೀರಿ ಟೀಚರೇ? ನನ್ಗೆ ಕಾಣೂದಿಲ್ಲ.”

“ಎರಡಕ್ಕೆ ಎರಡು.”

“ಜೋರಾಗಿ ಹೇಳಿ” ಎಂದರು. “ಹಿಂದೆ ಕೂತವ್ರಿಗೂ ಕೇಳ್ಲಿ.”